ಧ್ವಜದ ಕಂಬ, ಮಾನದ ಕಂಬ: ಬೆಳ್ವೊಲ ನಾಡಿನ ಹಿನ್ನೆಲೆಯಲ್ಲಿ ಒಂದು ವಿಚಾರ

ಜಿನಾಲಯದ ಮುಂದೆ ನಿಲ್ಲುವ ಕಂಬವು ಕೇವಲ ಅಲಂಕಾರದ ವಸ್ತುವಲ್ಲ. ಒಳಗೆ ವಿರಾಜಮಾನರಾದ ಭಗವಂತರ ದರ್ಶನಕ್ಕೆ ಮೊದಲು ಶ್ರಾವಕನಿಗೆ ದೊರೆಯುವ ಪ್ರಥಮ ಪಾಠವೇ ಅದು. ನಮ್ಮ ನಾಡಿನ ಬಸದಿಗಳಲ್ಲಿ ಇಂಥ ಕಂಬಗಳು ಮುಖ್ಯವಾಗಿ ಮೂರು ಬಗೆಯವು. ಶಿಖರದ ಮಂಟಪದಲ್ಲಿ ನಾಲ್ಕು ದಿಕ್ಕಿಗೆ ಮುಖಮಾಡಿದ ಜಿನಬಿಂಬಗಳುಳ್ಳದ್ದು ಮಾನಸ್ತಂಭ. ತುದಿಯಲ್ಲಿ ಬ್ರಹ್ಮಯಕ್ಷನನ್ನು ಕುಳ್ಳಿರಿಸಿಕೊಂಡದ್ದು ಬ್ರಹ್ಮದೇವರ ಕಂಬ. ಉತ್ಸವದ ಆರಂಭದಲ್ಲಿ ಧ್ವಜಪಟವನ್ನು ಏರಿಸಿ, ಮುಕ್ತಾಯದಲ್ಲಿ ಇಳಿಸುವುದಕ್ಕೆ ಇರುವಂಥದು ಧ್ವಜಸ್ತಂಭ. ಮೂರರ ಉದ್ದೇಶವೂ ಬೇರೆ, ರಚನೆಯೂ ಬೇರೆ. ಆದರೆ ಇತ್ತೀಚಿನ ದಶಕಗಳಲ್ಲಿ ಬಸದಿಗಳ ಜೀರ್ಣೋದ್ಧಾರವಾದೆಡೆಗಳಲ್ಲಿ ಈ ಭೇದವನ್ನು ಮರೆತು, ಎತ್ತರವಾದ ಕಂಬವೊಂದನ್ನು ನಿಲ್ಲಿಸಿದರೆ ಸಾಕೆಂಬ ಭಾವನೆ ಬೆಳೆಯುತ್ತಿದೆ. ಯಾವ ಕಂಬ, ಏಕೆ, ಎಷ್ಟು ಎತ್ತರ, ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಗಳು ಕಂಬ ನಿಂತ ಮೇಲೆ ಹುಟ್ಟುತ್ತವೆ. ಅವು ಮೊದಲೇ ಹುಟ್ಟಬೇಕು.

ಪುರಾಣದ ನೆಲೆ

ತೀರ್ಥಂಕರರ ಸಮವಸರಣದ ವರ್ಣನೆಯಲ್ಲಿ ಮಾನಸ್ತಂಭವೂ ಧ್ವಜಗಳೂ ಬೇರೆ ಬೇರೆ ಸ್ಥಾನಗಳಲ್ಲಿ ಬರುತ್ತವೆ ಎಂಬುದು ಗಮನಾರ್ಹ. ಮಾನಸ್ತಂಭವು ಪ್ರವೇಶದ ಬೀದಿಯಲ್ಲಿ ಮೊದಲೇ ಎದುರಾಗುತ್ತದೆ. ವಾದದಲ್ಲಿ ಜಯಿಸಬೇಕೆಂಬ ಅಭಿಮಾನದಿಂದ ಬಂದ ಇಂದ್ರಭೂತಿ ಗೌತಮನು ಭಗವಾನ್ ಮಹಾವೀರರ ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಮಾನಕಷಾಯವನ್ನು ಕಳೆದುಕೊಂಡು ಪ್ರಥಮ ಗಣಧರನಾದನೆಂಬ ಕಥೆಯನ್ನು ತಿಳಿಯದ ಜೈನ ಮನೆಯಿಲ್ಲ. ಕಂಬದ ಹೆಸರಿನಲ್ಲಿರುವ ‘ಮಾನ’ವು ಗೌರವವನ್ನು ಸೂಚಿಸುವುದಲ್ಲ, ಕರಗಬೇಕಾದ ಗರ್ವವನ್ನು ಸೂಚಿಸುವುದು.

ಧ್ವಜಗಳ ಭೂಮಿ ಒಳಭಾಗದಲ್ಲಿದೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಹತ್ತು ಬಗೆಯ ಧ್ವಜಗಳನ್ನು ಹೇಳಿದ್ದಾರೆ. ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಆನೆ ಮತ್ತು ಚಕ್ರ ಇವುಗಳ ಲಾಂಛನಗಳು. ಒಂದೊಂದು ಲಾಂಛನಕ್ಕೆ 108ರಂತೆ ಒಂದು ದಿಕ್ಕಿಗೆ 1,080, ನಾಲ್ಕು ದಿಕ್ಕಿಗೆ 4,320 ಧ್ವಜಗಳು. ರಾಷ್ಟ್ರಕೂಟರ ಹಾಗೂ ಬಾದಾಮಿ ಚಾಲುಕ್ಯರ ಶಾಸನಗಳಲ್ಲಿ ಬರುವ ‘ಪಾಳಿಧ್ವಜ’ವೆಂಬ ರಾಜಚಿಹ್ನೆಯ ಅರ್ಥವು ವಿದ್ವಾಂಸರಿಗೆ ಬಹುಕಾಲ ಒಗಟಾಗಿತ್ತು. ಅದು ಸಾಲುಸಾಲಾಗಿ ನಿಂತ ಧ್ವಜಗಳ ಸಮೂಹವೆಂದು ಕೆ.ಬಿ. ಪಾಠಕ್ ಅವರು 1885ರಲ್ಲಿ ವಿವರಿಸಿದ್ದು ಆದಿಪುರಾಣದ ಈ ವರ್ಣನೆಯ ಆಧಾರದಿಂದಲೇ. ರಾಜರು ತಮ್ಮ ಹೆಮ್ಮೆಯ ಕುರುಹಾಗಿ ಹಿಡಿಸಿದ ಬಾವುಟಗಳ ಮಾದರಿಯು, ಗರ್ವವನ್ನು ಹೊರಗೇ ಬಿಟ್ಟು ಪ್ರವೇಶಿಸಬೇಕಾದ ಸಭೆಯ ವರ್ಣನೆಯಲ್ಲಿ ದೊರೆಯಿತೆಂಬುದು ಚಿಂತನೀಯ ಸಂಗತಿ.

ಷರತ್ತಿನೊಡನೆ ದೊರೆತ ಧ್ವಜ

ಕರ್ನಾಟಕದ ಇತಿಹಾಸದಲ್ಲಿ ಧ್ವಜವೂ ಕಂಬವೂ ಒಟ್ಟಿಗೆ ಬರುವ ಪ್ರಸಿದ್ಧ ಐತಿಹ್ಯವೆಂದರೆ ಗಂಗವಂಶದ ಸ್ಥಾಪನೆಯದು. ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನ (ಕ್ರಿ.ಶ. 1121-22) ಅದನ್ನು ವಿಸ್ತಾರವಾಗಿ ಹೇಳುತ್ತದೆ. ದಡಿಗ, ಮಾಧವರೆಂಬ ಸೋದರರಿಗೆ ಸಿಂಹನಂದಿ ಆಚಾರ್ಯರು ಆಶ್ರಯವಿತ್ತರು. ಮಾಧವನು ಖಡ್ಗದ ಒಂದೇ ಹೊಡೆತಕ್ಕೆ ಕಲ್ಲಿನ ಕಂಬವನ್ನು ತುಂಡರಿಸಿದನು. ಆಚಾರ್ಯರು ತಮ್ಮ ನವಿಲುಗರಿಯ ಪಿಂಛವನ್ನೇ ಅವರಿಗೆ ಧ್ವಜವಾಗಿ ಕೊಟ್ಟರು. ಈ ಶಾಸನವು ಘಟನೆಯ ಕಾಲಕ್ಕಿಂತ ಅನೇಕ ಶತಮಾನಗಳಷ್ಟು ಈಚಿನದಾದುದರಿಂದ ಇತಿಹಾಸಕಾರರು ಇದನ್ನು ಪರಂಪರೆಯ ನೆನಪೆಂದು ಪರಿಗಣಿಸುತ್ತಾರೆ. ಆದರೂ ಆ ನೆನಪಿನ ಸಾರ ಮುಖ್ಯವಾದುದು. ಧ್ವಜದ ಜೊತೆಗೆ ಆಚಾರ್ಯರು ಷರತ್ತುಗಳನ್ನೂ ವಿಧಿಸಿದರು. ಕೊಟ್ಟ ಮಾತಿಗೆ ತಪ್ಪಿದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿ ಬಂದವರಿಗೆ ಕೊಡದೆ ಹೋದರೆ, ರಣರಂಗದಿಂದ ಓಡಿದರೆ ಕುಲ ಉಳಿಯದೆಂಬ ಎಚ್ಚರಿಕೆಯನ್ನು ಶಾಸನ ದಾಖಲಿಸಿದೆ. ಕಂಬವನ್ನು ಕಡಿಯುವ ತೋಳ್ಬಲ ಸುಲಭ, ಧ್ವಜವನ್ನು ಹೊರುವ ಶೀಲ ಕಠಿಣ ಎಂಬುದೇ ಇದರ ತಾತ್ಪರ್ಯ. ಜೀವಹಿಂಸೆಯಾಗದಂತೆ ನೆಲವನ್ನು ಒರೆಸುವ ಪಿಂಛವೇ ಧ್ವಜವಾಯಿತೆಂಬುದನ್ನೂ ಗಮನಿಸಬೇಕು.

ನರೇಗಲ್ಲಿನ ಪಾಠ

ಈ ಗಂಗರ ಸಂಬಂಧವು ಇಂದಿನ ರೋಣ, ನರಗುಂದ, ಗಜೇಂದ್ರಗಡದ ಸೀಮೆಗೆ ನೇರವಾಗಿ ತಗಲುತ್ತದೆ. ಈ ಭಾಗವು ಅಂದಿನ ಬೆಳ್ವೊಲ ಮುನ್ನೂರರ ನೆಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಗಂಗ ಇಮ್ಮಡಿ ಬೂತುಗನ ಆಳ್ವಿಕೆಗೆ ಬೆಳ್ವೊಲವು ಸೇರಿತ್ತೆಂಬುದು ಆತಕೂರು ಶಾಸನದಿಂದ (949-50) ತಿಳಿದುಬರುತ್ತದೆ. ಅದೇ ಕಾಲಕ್ಕೆ, ಅಂದರೆ 950ರಲ್ಲಿ, ಹಿಂದಿನ ರೋಣ ತಾಲ್ಲೂಕಿನ ನರೇಗಲ್ಲಿನ ಶಾಸನವು ಬೂತುಗನ ರಾಣಿ ಪದ್ಮಬ್ಬರಸಿಯು ಅಲ್ಲಿ ಬಸದಿಯನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ಇಂದು ನಾರಾಯಣ ಗುಡಿಯೆಂದು ಕರೆಯಲಾಗುವ ನರೇಗಲ್ಲಿನ ವಿಶಾಲವಾದ ಪ್ರಾಚೀನ ಗುಡಿಯು ಮೂಲತಃ ಜಿನಾಲಯವೆಂದು ವಾಸ್ತುತಜ್ಞರು ಗುರುತಿಸಿದ್ದಾರೆ. ಸಮೀಪದ ಸೂಡಿಯಲ್ಲಿ ಬೂತುಗನ ಪತ್ನಿ ದೀವಳಾಂಬೆಯ ಚೈತ್ಯಾಲಯವನ್ನು ಹೇಳುವ ಶಕ 860ರ ತಾಮ್ರಪಟವೂ ಪ್ರಸಿದ್ಧವಾದುದೇ. ಆದರೆ ಅದನ್ನು ಪ್ರಕಟಿಸಿದ ಫ್ಲೀಟರು ಅದರ ನೈಜತೆಯನ್ನು ಒಪ್ಪಲಿಲ್ಲವಾದ್ದರಿಂದ ಎಚ್ಚರದಿಂದ ಬಳಸಬೇಕು.

ನರೇಗಲ್ ಶಾಸನದ ನಿಜವಾದ ವಿಷಯ ಬಸದಿಯ ಕಟ್ಟಡವಲ್ಲ. ಆ ಬಸದಿಗೆ ಸೇರಿದ ದಾನಶಾಲೆಗೆ ಮಾರಸಿಂಘಯ್ಯನೆಂಬುವನು ಕೆರೆಯೊಂದನ್ನು ಬಿಟ್ಟುಕೊಟ್ಟದ್ದು ಅದರ ವಿಷಯ. ಕಟ್ಟಿಸಿದವಳು ಒಬ್ಬಳು, ಅದು ನಡೆದುಕೊಂಡು ಹೋಗುವಂತೆ ಉತ್ಪನ್ನದ ಮೂಲವನ್ನು ಒದಗಿಸಿದವನು ಮತ್ತೊಬ್ಬನು. ಕಟ್ಟಿದ್ದನ್ನು ನಡೆಸುವುದಕ್ಕೂ ವ್ಯವಸ್ಥೆ ಬೇಕೆಂಬ ವ್ಯವಹಾರಜ್ಞಾನ ನಮ್ಮ ಹಿರಿಯರಿಗಿತ್ತು. ಮಳೆಯನ್ನೇ ನೆಚ್ಚಿದ ಈ ಒಣಭೂಮಿಯಲ್ಲಿ ಕೆರೆಗಿಂತ ದೊಡ್ಡ ದತ್ತಿ ಬೇರೆ ಯಾವುದಿದ್ದೀತು?

ಇದಕ್ಕೆ ಎದುರಾಗಿ ನರಗುಂದದ ಗುಡ್ಡವನ್ನು ನೋಡಬಹುದು. 1674ರಲ್ಲಿ ಶಿವಾಜಿಯು ಕಟ್ಟಿಸಿದನೆಂದು ಹೇಳಲಾಗುವ ಆ ಕೋಟೆ ಅನೇಕ ಬಾವುಟಗಳನ್ನು ಕಂಡಿತು. 1785ರಲ್ಲಿ ಟಿಪ್ಪೂ ಸುಲ್ತಾನನ ವಶವಾಯಿತು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಮರಾಠರಿಗೆ ಮರಳಿತು. ಜೂನ್ 1858ರಲ್ಲಿ ಆಂಗ್ಲರ ಕೈಸೇರಿತು. ಬಂಡೆದ್ದ ಬಾಬಾಸಾಹೇಬ ಭಾವೆಯವರನ್ನು ಅದೇ ತಿಂಗಳು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ಧೈರ್ಯವನ್ನು ನಾಡು ಇಂದಿಗೂ ಗೌರವದಿಂದ ನೆನೆಯುತ್ತದೆ. ಆದರೆ ಎತ್ತರದಲ್ಲಿ ಏರಿದ ಅಧಿಕಾರದ ಧ್ವಜಗಳು ಒಂದಾದ ಮೇಲೊಂದು ಇಳಿದುಹೋದವು. ದಾನಶಾಲೆಗೆ ಕೆರೆ ಕೊಟ್ಟವನ ಹೆಸರು ಸಾವಿರ ವರ್ಷಗಳ ಮೇಲೂ ನರೇಗಲ್ಲಿನ ಕಲ್ಲಿನಲ್ಲಿದೆ.

ಎರಡು ಕಂಬಗಳು

ಬೂತುಗನ ಮಗ ಮಾರಸಿಂಹನು ಹಲವು ಯುದ್ಧಗಳನ್ನು ಗೆದ್ದವನು. ಕೊನೆಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ 974ರ ಸುಮಾರಿಗೆ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನದು. ಆ ಕಂಬದಲ್ಲಿ ಅವನ ವಿಜಯಗಳ ಪಟ್ಟಿಯಿದೆ. ಅದರ ಕೊನೆಯಲ್ಲಿರುವುದು ತ್ಯಾಗ. ಧ್ವಜವನ್ನು ಏರಿಸಲು ಬಲ್ಲವನು ತಾನೇ ಇಳಿಸಲೂ ಬಲ್ಲನಾದರೆ ಅವನ ಕಂಬ ಮಾನಸ್ತಂಭದ ಅರ್ಥವನ್ನು ಪಡೆಯುತ್ತದೆ.

ಎದುರಿನ ದೊಡ್ಡಬೆಟ್ಟದ ತ್ಯಾಗದ ಕಂಬ ಬೇರೊಂದು ಪಾಠವನ್ನು ಹೇಳುತ್ತದೆ. ಅದು ಚಾವುಂಡರಾಯನದು, ಅವನು ಅಲ್ಲಿ ದಾನ ಮಾಡುತ್ತಿದ್ದನೆಂದು ಪ್ರತೀತಿ. ಅದರ ಮೇಲೆ ಅವನ ಸಾಧನೆಗಳನ್ನು ಹೇಳುವ ಶಾಸನವಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬುವನು ಕಂಬಕ್ಕೆ ಯಕ್ಷನ ಬಿಂಬವನ್ನು ಮಾಡಿಸಿದನು. ಆ ಸಂಗತಿಯನ್ನು ಬರೆಸಲು ಕೆಲವೇ ಸಾಲುಗಳು ಸಾಕಾಗಿದ್ದವು. ಆದರೆ ಅದಕ್ಕಾಗಿ ಚಾವುಂಡರಾಯನ ಶಾಸನದ ಮೂರು ಮುಖಗಳನ್ನು ಅಳಿಸಲಾಯಿತು. ಹಳಗನ್ನಡ ಗದ್ಯಕಾರನೂ ಗೊಮ್ಮಟಮೂರ್ತಿಯ ನಿರ್ಮಾತೃವೂ ಆದ ಮಹಾಪುರುಷನ ಚರಿತ್ರೆಯ ಮುಖ್ಯ ಆಧಾರವೊಂದು ಹೀಗೆ ಒಬ್ಬ ದಾನಿಯ ಹೆಸರಿಗಾಗಿ ಶಾಶ್ವತವಾಗಿ ನಷ್ಟವಾಯಿತು. ಕಣ್ಣನು ಕೊಟ್ಟದ್ದು ದಾನವೇ ಸರಿ. ಆದರೆ ಆ ದಾನದಿಂದ ಸಮಾಜಕ್ಕೆ ಆದ ಲಾಭಕ್ಕಿಂತ ನಷ್ಟವೇ ಹೆಚ್ಚು. ಹೊಸ ಗ್ರಾನೈಟ್ ಫಲಕಕ್ಕಾಗಿ ಹಳೆಯ ಫಲಕವನ್ನು ಕೀಳುವ ಮೊದಲು ಪ್ರತಿಯೊಬ್ಬ ವಿಶ್ವಸ್ತನೂ ಈ ಕಂಬವನ್ನು ಸ್ಮರಿಸಬೇಕು.

ಕಂಬದ ಆಯ್ಕೆ

ಧ್ವಜಸ್ತಂಭಕ್ಕೆ ಮರವನ್ನು ಬಳಸುವುದು ಹಿಂದಿನಿಂದ ಬಂದ ಪದ್ಧತಿ. ನೇರವಾದ, ಗಂಟುಗಳಿಲ್ಲದ, ಟೊಳ್ಳು ಬೀಳದ ಸಾಗುವಾನಿಯಂಥ ಗಟ್ಟಿಮರವನ್ನು ಆರಿಸಿ, ಚೆನ್ನಾಗಿ ಒಣಗಿಸಿ, ಹಿತ್ತಾಳೆ ಇಲ್ಲವೆ ತಾಮ್ರದ ತಗಡನ್ನು ಹೊದಿಸುವುದುಂಟು. ತಗಡಿನೊಳಗೆ ನೀರು ನಿಂತರೆ ಮರ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಹೊಳೆಯುವ ಕಂಬ ಒಳಗೆ ಪೊಳ್ಳಾಗಿರಬಹುದು. ಆದ್ದರಿಂದ ತಗಡನ್ನು ಬಿಚ್ಚಿ ಪರೀಕ್ಷಿಸಲು ಅವಕಾಶವಿರಬೇಕು. ಬೆಳೆದುನಿಂತ ಮರವನ್ನು ಕಡಿಸುವುದು ಏಕೇಂದ್ರಿಯ ಜೀವದ ಹಿಂಸೆ ಮಾತ್ರವಲ್ಲ, ಅದರಲ್ಲಿ ಗೂಡುಕಟ್ಟಿದ ಹಕ್ಕಿಗಳ, ಆಶ್ರಯ ಪಡೆದ ಕೀಟಗಳ ಹಿಂಸೆಯೂ ಹೌದು. ಹಳೆಯ ಕಟ್ಟಡದಿಂದ ಬಿಡಿಸಿದ ಒಳ್ಳೆಯ ತೊಲೆ ದೊರೆತರೆ ಅದು ಅಲ್ಪಾರಂಭದ ಮಾರ್ಗ. ಇಲ್ಲವಾದರೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯೂ, ತುಕ್ಕು ಹಿಡಿಯದ ಉಕ್ಕೂ ಇಂದು ಸುಲಭವಾಗಿ ದೊರೆಯುತ್ತವೆ. ಏಕಶಿಲೆಯ ಕಂಬವು ಮಾನಸ್ತಂಭಕ್ಕೆ ಯೋಗ್ಯ. ಕಾರ್ಕಳದ ಹಿರಿಯಂಗಡಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಗಳ ಮುಂದಿನ ಸ್ತಂಭಗಳಿಗೆ ಆಧಾರ ಕರಾವಳಿಯ ಶಿಲ್ಪಿಗಳ ಪೀಳಿಗೆಗಳ ಅನುಭವ. ಆ ಅನುಭವವಿಲ್ಲದೆ ಆ ಎತ್ತರವನ್ನು ಮಾತ್ರ ಅನುಕರಿಸುವುದು ಅಪಾಯಕರ.

ಧ್ವಜಪಟದ ವಿಷಯದಲ್ಲಿಯೂ ವಿವೇಕ ಬೇಕು. ಸಾಮಾನ್ಯವಾಗಿ ದೊರೆಯುವ ರೇಷ್ಮೆಯ ಎಳೆಗಳ ಹಿಂದೆ ಗೂಡಿನೊಳಗೆ ಬೇಯಿಸಲ್ಪಟ್ಟ ಹುಳುಗಳಿವೆ. ಅಹಿಂಸೆಯ ಧ್ವಜಕ್ಕೆ ಹತ್ತಿಯ ಬಟ್ಟೆಯೇ ಯೋಗ್ಯ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರು. 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 2006ರಲ್ಲಿ ರಾಷ್ಟ್ರಧ್ವಜ ತಯಾರಿಕೆಗೆ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ಪಡೆಯಿತು. ಹತ್ತಿ ಬೆಳೆಯುವ ನಾಡಿಗೆ ಹತ್ತಿಯ ಧ್ವಜ ಒಪ್ಪುವುದು ಸಹಜ.

ನೆಲ ಮತ್ತು ಗಾಳಿ

ನರಗುಂದ ಹಾಗೂ ರೋಣದ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಎರೆಯಲ್ಲಿ ಮೇಲುಮೇಲೆ ಹಾಕಿದ ಪಾಯವು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಅಲುಗುತ್ತದೆ. ಗೋಡೆಯಲ್ಲಿ ಅದು ಬಿರುಕಾಗಿ ಕಾಣಿಸಿದರೆ, ಕಂಬದಲ್ಲಿ ವಾಲಿಕೆಯಾಗಿ ಕಾಣಿಸುತ್ತದೆ. ಬುಡದಲ್ಲಿ ಒಂದು ಅಂಗುಲದ ವ್ಯತ್ಯಾಸ ತುದಿಯಲ್ಲಿ ಒಂದು ಅಡಿಯಾಗಬಲ್ಲದು. ಆಳವಾದ ಎರೆಯಲ್ಲಿ ಸುಮಾರು ಮೂರೂವರೆ ಮೀಟರಿನ ಕೆಳಗೆ ಮಾತ್ರ ಋತುಮಾನದ ತೇವದ ಏರಿಳಿತ ನಗಣ್ಯವಾಗುತ್ತದೆಂದು ಎಂಜಿನಿಯರರು ಹೇಳುತ್ತಾರೆ. ಪಾಯವು ಗರಸಿನ ಪದರವನ್ನು ಮುಟ್ಟಬೇಕು, ಇಲ್ಲವೆ ಅಷ್ಟು ಆಳಕ್ಕೆ ಇಳಿಯಬೇಕು. ಬುಡದ ಸುತ್ತ ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಬಂಡೆ ಬೇಗನೆ ಸಿಗುತ್ತದೆ. ಅಲ್ಲಿ ಆಳದ ಚಿಂತೆ ಕಡಿಮೆ, ಗಾಳಿಯ ಚಿಂತೆ ಹೆಚ್ಚು. ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಆ ಗಾಳಿಗೆ ಸಾಕ್ಷಿ.

ಗಾಳಿಯ ಲೆಕ್ಕ ವ್ಯಾಪಾರದ ಲೆಕ್ಕದಷ್ಟೇ ನಿಷ್ಠುರ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. 20 ಅಡಿಯ ಕಂಬಕ್ಕೆ ಬದಲಾಗಿ 40 ಅಡಿಯ ಕಂಬವನ್ನು ನಿಲ್ಲಿಸಿ, ಧ್ವಜದ ಉದ್ದ ಅಗಲಗಳನ್ನೂ ಇಮ್ಮಡಿಗೊಳಿಸಿದರೆ ಬಟ್ಟೆಯ ವಿಸ್ತೀರ್ಣ ನಾಲ್ಕು ಪಟ್ಟು, ಸನ್ನೆಯ ಉದ್ದ ಎರಡು ಪಟ್ಟು. ಬಟ್ಟೆಯಿಂದಾಗಿ ಬುಡದ ಮೇಲೆ ಬೀಳುವ ಭಾರ ಎಂಟು ಪಟ್ಟು. ಎತ್ತರದ ಅಭಿಮಾನ ಎರಡರಷ್ಟು ಬೆಳೆದರೆ ಅಪಾಯ ಎಂಟರಷ್ಟು ಬೆಳೆಯುತ್ತದೆ. ಬೆಳಗಾವಿಯ ಕೋಟೆ ಕೆರೆಯ ಬಳಿ 2018ರಲ್ಲಿ 110 ಮೀಟರಿನ ರಾಷ್ಟ್ರಧ್ವಜಸ್ತಂಭವನ್ನು ನಿಲ್ಲಿಸಲಾಯಿತು. ಅಲ್ಲಿಯೂ ಗಾಳಿಗೆ ಬಟ್ಟೆ ಹರಿದು ಧ್ವಜವನ್ನು ಇಳಿಸಬೇಕಾದ ಸಂದರ್ಭಗಳು ಬಂದವು. ಸಾರ್ವಜನಿಕ ನಿಧಿಯಿಂದ ನಿಂತ ಕಂಬಕ್ಕೇ ಹೀಗಾದರೆ ನಾಲ್ಕಾರು ಮನೆತನಗಳ ಬಸದಿಗೆ ಅಂಥ ಸಾಹಸ ತರವಲ್ಲ. ಕಂಬ ಬಿದ್ದರೆ ಎಷ್ಟು ದೂರ ಬೀಳುವುದೋ ಆ ಸುತ್ತಳತೆಯಲ್ಲಿ ವಿದ್ಯುತ್ ತಂತಿಯಾಗಲಿ ಮಕ್ಕಳು ಆಡುವ ಜಾಗವಾಗಲಿ ಇರಕೂಡದು. ಲೋಹದ ಕಂಬಕ್ಕೆ ಸಿಡಿಲಿನಿಂದ ರಕ್ಷಣೆಗಾಗಿ ಭೂಸಂಪರ್ಕದ ತಂತಿ ಅವಶ್ಯ.

ಗುಂಡಿ ತೋಡುವ ಕಾಲವೂ ಮುಖ್ಯ. ಚಾತುರ್ಮಾಸದಲ್ಲಿ ನೆಲದ ತುಂಬ ಸೂಕ್ಷ್ಮಜೀವಗಳ ಸಂಚಾರ. ಸಾಧುಗಳು ವಿಹಾರವನ್ನೇ ನಿಲ್ಲಿಸುವ ಕಾಲ. ಎರೆಭೂಮಿಯಲ್ಲಿ ಆಗ ಅಗೆದರೆ ಗುಂಡಿಯ ಗೋಡೆಯೂ ಕುಸಿಯುತ್ತದೆ. ಮಹಾಶಿವರಾತ್ರಿಯಿಂದ ಯುಗಾದಿಯವರೆಗಿನ ಒಣದಿನಗಳು ಶಾಸ್ತ್ರಕ್ಕೂ ಸಮ್ಮತ, ಕೆಲಸಕ್ಕೂ ಅನುಕೂಲ.

ವಿಧಿ, ನಿಯಮ, ಲೆಕ್ಕಪತ್ರ

ದಿಗಂಬರ ಸಂಪ್ರದಾಯದ ಧ್ವಜಾರೋಹಣದಲ್ಲಿ ಧ್ವಜಪಟದ ಮೇಲೆ ಸರ್ವಾಹ್ಣ ಯಕ್ಷನನ್ನು ಆವಾಹಿಸುವ ಪದ್ಧತಿಯಿದೆ. ಪಂಚಕಲ್ಯಾಣಾದಿ ಮಹೋತ್ಸವಗಳು ಧ್ವಜಾರೋಹಣದಿಂದಲೇ ಆರಂಭವಾಗುತ್ತವೆ. ಇದರ ವಿಧಿಯನ್ನು ಪ್ರತಿಷ್ಠಾಚಾರ್ಯರಿಂದ ತಿಳಿಯಬೇಕು. ಪಂಚವರ್ಣದ ಜೈನಧ್ವಜವಾದರೋ ಎಲ್ಲ ಪಂಗಡಗಳಿಗೂ ಸಮಾನವಾದುದು. ಭಗವಾನ್ ಮಹಾವೀರರ 2,500ನೆಯ ನಿರ್ವಾಣೋತ್ಸವದ (1974-75) ಸಂದರ್ಭದಲ್ಲಿ ರೂಢಿಗೆ ಬಂದಿತು. ಮೇಲಿನಿಂದ ಕೆಂಪು, ಹಳದಿ, ಬಿಳಿ, ಹಸಿರು, ಕಡುನೀಲಿ ಬಣ್ಣಗಳು ಕ್ರಮವಾಗಿ ಸಿದ್ಧ, ಆಚಾರ್ಯ, ಅರಿಹಂತ, ಉಪಾಧ್ಯಾಯ, ಸಾಧುಗಳನ್ನು ಸೂಚಿಸುತ್ತವೆ. ನಡುವಿನ ಬಿಳಿಯ ಪಟ್ಟಿಯಲ್ಲಿ ಸ್ವಸ್ತಿಕವಿರುತ್ತದೆ. ತಲೆಕೆಳಗಾಗಿ ಕಟ್ಟಿದರೆ ಪರಮೇಷ್ಠಿಗಳ ಕ್ರಮವೇ ಬದಲಾಗುತ್ತದೆ.

ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳಲ್ಲಿ ಬಸದಿಯ ಆವರಣದಲ್ಲಿ ರಾಷ್ಟ್ರಧ್ವಜವನ್ನು ಏರಿಸುವ ವಿಶ್ವಸ್ತ ಮಂಡಳಿಗಳು 2002ರ ಧ್ವಜಸಂಹಿತೆಯನ್ನು ಓದಿರಬೇಕು. ರಾಷ್ಟ್ರಧ್ವಜವನ್ನು ಬೇರೆ ಧ್ವಜದೊಡನೆ ಒಂದೇ ಕಂಬದಲ್ಲಿ ಏಕಕಾಲಕ್ಕೆ ಹಾರಿಸಕೂಡದು. ಅದಕ್ಕಿಂತ ಎತ್ತರದಲ್ಲಿ ಇನ್ನೊಂದು ಧ್ವಜವಿರಕೂಡದು. ಹರಿದ ಧ್ವಜವನ್ನು ಹಾರಿಸಕೂಡದು. ಅಂತೆಯೇ, ಲಕ್ಕುಂಡಿಯ ಬ್ರಹ್ಮಜಿನಾಲಯದಂಥ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಭಕ್ತಿಯ ಹೆಸರಿನಲ್ಲಿ ಪ್ರಾಚೀನ ಬಸದಿಯ ಪಾಯವನ್ನು ಕೆದಕುವುದು ಭಕ್ತಿಯಲ್ಲ.

ಕೊನೆಯದಾಗಿ ಲೆಕ್ಕಪತ್ರದ ಮಾತು. ಕಂಬದ ಬೆಲೆ ಒಂದು ಸಲದ ಬಂಡವಾಳ ವೆಚ್ಚ. ಬಟ್ಟೆ, ಹಗ್ಗ, ರಾಟೆ, ಬಣ್ಣ, ವರ್ಷಕ್ಕೊಮ್ಮೆಯ ತಪಾಸಣೆ ಇವು ಪ್ರತಿವರ್ಷದ ಆವರ್ತಕ ವೆಚ್ಚ. ಮೊದಲನೆಯದಕ್ಕೆ ದಾನಿಗಳು ಮುಂದೆ ಬರುತ್ತಾರೆ, ಏಕೆಂದರೆ ಅಲ್ಲಿ ಹೆಸರಿದೆ. ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಮೂರನೆಯ ವರ್ಷಕ್ಕೆ ಬಣ್ಣಗೆಟ್ಟು ಚಿಂದಿಯಾದ ಧರ್ಮಧ್ವಜವು ದಾರಿಹೋಕರಿಗೆ ಸಮಾಜದ ಅಲಕ್ಷ್ಯವನ್ನು ಸಾರುತ್ತದೆ. ಇದನ್ನು ತಪ್ಪಿಸಲು ಉಪಾಯವೊಂದುಂಟು. ಕಂಬಕ್ಕೆ ಬಂದ ದಾನದ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ನಿರ್ವಹಣೆ ನಡೆಸುವಂತೆ ಠರಾವು ಮಾಡುವುದು. ಅಂಥ ನಿಧಿಗೆ ಹಣ ಸಾಲದೆಂದಾದರೆ ಕಂಬದ ಎತ್ತರವನ್ನೇ ಕಡಿಮೆ ಮಾಡುವುದು. ಹೀಗೆ ಮಾಡಿದರೆ ಪದ್ಮಬ್ಬರಸಿಯ ಬಸದಿಗೆ ಮಾರಸಿಂಘಯ್ಯನ ಕೆರೆ ದೊರೆತಂತಾಗುತ್ತದೆ.

ಕಂಬದ ಬುಡದಲ್ಲಿ ಹೆಸರು ಬರೆಯಿಸುವ ಪ್ರಶ್ನೆ ಬಂದಾಗ ವಿಶ್ವಸ್ತ ಮಂಡಳಿಯ ಸಭೆಯಲ್ಲಿ ವಾದ ವಿವಾದಗಳು ನಡೆಯುವುದುಂಟು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಮಾತಿಗೆ ಮನೆತನಗಳು ಪರಸ್ಪರ ಮುನಿಸಿಕೊಂಡರೆ, ಗೌತಮನ ಗರ್ವವನ್ನು ಇಳಿಸಿದ ಸ್ತಂಭದ ಹೆಸರಿನಲ್ಲಿಯೇ ಗರ್ವವನ್ನು ನೆಟ್ಟಂತಾಗುವುದು. ದಾನಿಯ ಹೆಸರನ್ನು ಬರೆಯಲೇಬಾರದೆಂದಲ್ಲ. ಬರೆದುದರಿಂದಲೇ ನರೇಗಲ್ಲಿನ ದಾನ ಇಂದು ತಿಳಿದಿದೆ. ಆದರೆ ಏನನ್ನು ಕೊಟ್ಟರು, ಯಾವ ಕಾರ್ಯಕ್ಕೆ ಕೊಟ್ಟರು ಎಂಬುದು ಮೊದಲು ಬರಲಿ. ಹಳೆಯದನ್ನು ಅಳಿಸದೆ ಬರಲಿ. ಬಸದಿಗೆ ತಕ್ಕ ಎತ್ತರ, ನೆಲಕ್ಕೆ ತಕ್ಕ ಪಾಯ, ನಿಧಿಗೆ ತಕ್ಕ ಧ್ವಜ ಇಷ್ಟಿದ್ದರೆ ಕಂಬ ನೇರವಾಗಿ ನಿಲ್ಲುತ್ತದೆ. ಅದರ ಕೆಳಗೆ ನಿಂತು ತಲೆಯೆತ್ತಿ ನೋಡುವ ಶ್ರಾವಕನ ಮನಸ್ಸು ತಾನಾಗಿ ಬಾಗಿದರೆ ಮಾತ್ರ ಅದನ್ನು ನಿಲ್ಲಿಸಿದ್ದು ಸಾರ್ಥಕ.